ನಾಯಿ, ಬೆಕ್ಕಿಗೆ ಉಣುಗು: ಯಾವ ಲಕ್ಷಣ ಕಂಡರೆ ಏನು ನೋಡಬೇಕು, ಯಾವಾಗ ಆಸ್ಪತ್ರೆಗೆ ಹೋಗಬೇಕು

ಕರಾವಳಿಯಲ್ಲಿ ನಾಯಿ ಸಾಕಿದವರು ಉಣುಗು ನೋಡದೆ ಇರಲಿಕ್ಕಿಲ್ಲ. ವರ್ಷವಿಡೀ ಸೆಕೆ, ಗಾಳಿಯಲ್ಲಿ ತೇವ. ಚಳಿಗಾಲದಲ್ಲಿ ಕಡಿಮೆಯಾದೀತು ಎಂದು ಕಾಯುವಂಥ ಚಳಿ ಮಂಗಳೂರು, ಉಡುಪಿಗೆ ಬರುವುದೂ ಇಲ್ಲ. ಹಾಗಾಗಿ "ಉಣುಗಲ್ವಾ, ಇದ್ದದ್ದೇ" ಎಂದು ಸುಮ್ಮನಾಗುವವರು ಜಾಸ್ತಿ. ಹಾಗೆ ಸುಮ್ಮನಾದ ಮನೆಗಳಲ್ಲಿ ಗಟ್ಟಿಮುಟ್ಟಾದ ನಾಯಿಗಳು ನಾಲ್ಕೈದು ದಿನದ ಜ್ವರಕ್ಕೆ ಸತ್ತದ್ದನ್ನು ಕಂಡಿದ್ದೇನೆ. ಮದ್ದಿರುವ ಕಾಯಿಲೆಗೆ, ತಡವಾಯಿತು ಎಂಬ ಒಂದೇ ಕಾರಣಕ್ಕೆ ನಾಯಿ ಸಾಯಬಾರದು.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಉಣುಗು ಹೆಚ್ಚಾಗಿದೆಯೇ ಎಂದು ತಿಳಿಯಲು ನಾಯಿಯ ಮೈಗಿಂತ ಅದು ಮಲಗುವ ಜಾಗದ ಗೋಡೆಯನ್ನು ನೋಡಬೇಕು. ಕಾಯಿಲೆ ಬಂದಿದೆಯೇ ಎಂದು ತಿಳಿಯಲು ಉಣುಗು ಎಣಿಸುವುದಲ್ಲ, ವಸಡು ನೋಡಬೇಕು. ಇವೆರಡನ್ನೂ ನಾಯಿ ಚೆನ್ನಾಗಿರುವಾಗಲೇ ರೂಢಿ ಮಾಡಿಕೊಳ್ಳಿ.

## ತಡ ಮಾಡಲೇಬಾರದ ಲಕ್ಷಣಗಳು

ವಸಡು ಬಿಳಿಚಿದ್ದರೆ ಅಥವಾ ಹಳದಿಯಾಗಿದ್ದರೆ, ಮೂತ್ರ ಕೆಂಪಾಗಿ ಅಥವಾ ಹಾಲು ಹಾಕದ ಚಹಾದ ಬಣ್ಣದಲ್ಲಿದ್ದರೆ, ಮೂಗಿನಿಂದ ರಕ್ತ ಬರುತ್ತಿದ್ದರೆ, ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ಸುಮ್ಮನೆ ಮಲಗಿದಾಗಲೂ ಉಸಿರು ಎಳೆದೆಳೆದು ಬಿಡುತ್ತಿದ್ದರೆ, ಎದ್ದು ನಿಲ್ಲಲು ಆಗದಿದ್ದರೆ, ನಡುಕ ಅಥವಾ ಫಿಟ್ಸ್ ಬಂದರೆ, ಮುಂದಿನದನ್ನು ಓದುತ್ತ ಕೂರಬೇಡಿ. ಅದೇ ದಿನ, ಅದೇ ಹೊತ್ತಿಗೆ ಪಶುವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಸಂಜೆಯಾಗಿದೆ, ನಾಳೆ ನೋಡೋಣ ಎನ್ನುವುದು ಬೇಡ.

ವಸಡು ನೋಡುವುದು ಹೀಗೆ: ಮೇಲ್ದುಟಿಯನ್ನು ಮೆಲ್ಲ ಎತ್ತಿ, ಕೋರೆಹಲ್ಲಿನ ಮೇಲಿನ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಕಡೆ ಬಿಳಿಯಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣ ಬರಬೇಕು. ನಮ್ಮ ಊರ ನಾಯಿಗಳಲ್ಲಿ ಹಲವಕ್ಕೆ ವಸಡೇ ಕಪ್ಪು. ಅಂಥವಕ್ಕೆ ಕೆಳರೆಪ್ಪೆಯನ್ನು ಸ್ವಲ್ಪ ಕೆಳಗೆ ಎಳೆದು ಒಳಗಿನ ಬಣ್ಣ ನೋಡಿ.

ಒಂದು ಎಚ್ಚರಿಕೆ. ನಾಯಿ ಜೊಲ್ಲು ಸುರಿಸುತ್ತಿದೆ, ದವಡೆ ಜೋತಿದೆ, ಬೊಗಳುವ ದನಿ ಬದಲಾಗಿದೆ, ಕಾಲು ತಡವರಿಸುತ್ತಿದೆ, ರೇಬೀಸ್ ಲಸಿಕೆಯೂ ಹಾಕಿಸಿಲ್ಲ ಎಂದಾದರೆ ಬಾಯಿಗೆ ಕೈ ಹಾಕಲೇಬೇಡಿ. ಅದು ಹುಚ್ಚು ರೋಗ ಇರಬಹುದು. ಕಚ್ಚಿದರೆ, ಜೊಲ್ಲು ಗಾಯಕ್ಕೆ ತಾಗಿದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಕೂಡಲೇ ಲಸಿಕೆಗೆ ಹೋಗಿ.

## ಮೈ ಸವರುವಾಗ ಕೈಗೆ ಗಂಟಿನಂಥದ್ದು ಸಿಕ್ಕಿದೆ

ಕೂದಲು ಬಿಡಿಸಿ ಬೆಳಕಿನಲ್ಲಿ ನೋಡಿ. ನಾಯಿಯ ಹೊಟ್ಟೆಯ ಎರಡೂ ಬದಿಗೆ ಸಾಲಾಗಿ ಮೊಲೆತೊಟ್ಟುಗಳಿರುತ್ತವೆ, ಗಂಡು ನಾಯಿಗೂ ಇರುತ್ತವೆ. ಅದನ್ನೇ ಉಣುಗು ಎಂದುಕೊಂಡು ಎಳೆದು ಗಾಯ ಮಾಡುವವರಿದ್ದಾರೆ. ಉಣುಗಾದರೆ ಚರ್ಮಕ್ಕೆ ತಾಗಿದ ಬದಿಯಲ್ಲಿ ಕಾಲು ಕಾಣುತ್ತದೆ. ಬೆಳೆದದ್ದಕ್ಕೆ ಎಂಟು, ಸಾಸಿವೆಗಿಂತ ಸಣ್ಣ ಮರಿಗೆ ಆರು. ಗಂಡು ಚಪ್ಪಟೆಯಾಗಿ ಕಂದು ಬಣ್ಣಕ್ಕಿರುತ್ತದೆ. ರಕ್ತ ಕುಡಿದ ಹೆಣ್ಣು ಬೂದು ಬಣ್ಣಕ್ಕೆ ತಿರುಗಿ ಕಡಲೆಕಾಳಿನಷ್ಟು ಉಬ್ಬುತ್ತದೆ. ಓಡಾಡುವ, ಹಾರುವ ಕಪ್ಪು ಹುಳ ಉಣುಗಲ್ಲ, ಅದು ಚಿಗಟ.

ಬೆನ್ನು ಸವರಿ "ಏನೂ ಇಲ್ಲ" ಎಂದರೆ ನೋಡಿದ ಹಾಗಾಗುವುದಿಲ್ಲ. ಉಣುಗಿಗೆ ಬೇಕಾದದ್ದು ತೆಳು ಚರ್ಮ, ಮರೆ. ಕಿವಿಯ ಹೊರ ಅಂಚಿನಲ್ಲಿ, ಬುಡಕ್ಕೆ ಹತ್ತಿರ, ಚರ್ಮ ಮಡಚಿ ಆದ ಪುಟ್ಟ ಚೀಲವಿದೆ. ಅದನ್ನು ಎರಡು ಬೆರಳಿನಲ್ಲಿ ಬಿಡಿಸಿದರೆ ಒಳಗೆ ಒಂದರ ಬೆನ್ನಿಗೆ ಒಂದು ಅಂಟಿ ಕೂತದ್ದು ಕಾಣಬಹುದು. ಆಮೇಲೆ ಕಿವಿಯ ಒಳಮಡಿಕೆ, ಕಾಲ್ಬೆರಳುಗಳ ಸಂದು, ಕುತ್ತಿಗೆ ಬೆಲ್ಟಿನ ಅಡಿ, ಕಂಕುಳು, ಬಾಲದ ಬುಡ. ನಾಯಿ ತಲೆ ಕೊಡವುತ್ತಲೇ ಇದೆ, ನೆಲದ ಮೇಲೆ ರಕ್ತದ ಸಣ್ಣ ಹನಿ ಇದೆ ಎಂದರೆ ಮೊದಲು ನೋಡಬೇಕಾದದ್ದು ಕಿವಿ. ಕಿವಿಯ ತೂತಿನ ಒಳಗೆ ಆಳದಲ್ಲಿದ್ದರೆ ನೀವು ಚಿಮಟಿಗೆ ಹಾಕಬೇಡಿ, ವೈದ್ಯರು ತೆಗೆಯಲಿ.

ತೆಗೆಯಲು ತುದಿ ಸಪೂರ ಇರುವ ಚಿಮಟಿಗೆ ಸಾಕು. ಕೈಗೆ ಗ್ಲೌಸ್ ಹಾಕಿ. ಉಣುಗಿನ ಉಬ್ಬಿದ ಹೊಟ್ಟೆ ಹಿಡಿಯದೆ, ಚರ್ಮಕ್ಕೆ ತಾಗಿದಂತೆ ಬಾಯಿಯ ಬುಡದಲ್ಲಿ ಹಿಡಿದು, ತಿರುಚದೆ, ಒಂದೇ ಸಮ ನೇರ ಮೇಲೆ ಎಳೆಯಿರಿ. ತೆಗೆದದ್ದನ್ನು ಸ್ಪಿರಿಟ್ ಅಥವಾ ದಪ್ಪ ಸೋಪುನೀರು ಇರುವ ಮುಚ್ಚಳದ ಬಾಟಲಿಗೆ ಹಾಕಿ. ಉಗುರಲ್ಲಿ ಕುಟುಕಿ ಕೊಲ್ಲುವುದು, ಕಲ್ಲಿನ ಮೇಲೆ ಅರೆಯುವುದು ನಮ್ಮಲ್ಲಿ ಸಾಮಾನ್ಯ, ಆದರೆ ಆ ರಕ್ತದಲ್ಲಿರುವ ರೋಗಾಣು ನಿಮ್ಮ ಕೈಯ ಗೀರಿಗೆ, ಕಣ್ಣಿಗೆ ತಾಗಬಹುದು. ಕೆಳಗೆ ಬಿದ್ದದ್ದನ್ನು ನಾಯಿ ನೆಕ್ಕಲೂ ಬಿಡಬೇಡಿ. ಹೆಪಟೋಜೂನ್ ಎಂಬ ರೋಗ ಉಣುಗು ನುಂಗುವುದರಿಂದಲೇ ಬರುತ್ತದೆ.

ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ, ಪೆಟ್ರೋಲು ಹಚ್ಚುವುದು, ಹೊಗೆಸೊಪ್ಪಿನ ನೀರು ಹಾಕುವುದು ಯಾವುದೂ ಬೇಡ. ಬಿಸಿ ತಾಗಿದ ಉಣುಗು ಸಾಯುವ ಮೊದಲು ಹೊಟ್ಟೆಯಲ್ಲಿದ್ದದ್ದನ್ನು ನಾಯಿಯ ಮೈಯೊಳಗೇ ಕಾರಬಹುದು. ಸೀಮೆಎಣ್ಣೆ ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ನೇರ ವಿಷ. ಕರ್ಪೂರ, ಬೆಳ್ಳುಳ್ಳಿಯೂ ನಾಯಿ ಬೆಕ್ಕಿಗೆ ಆಗುವುದಿಲ್ಲ.

ತೆಗೆದ ಜಾಗದಲ್ಲಿ ಸಣ್ಣ ಗಂಟು ಕೆಲವು ದಿನ ಉಳಿಯುತ್ತದೆ. ಬಾಯಿಯ ಚೂರು ಒಳಗೆ ಉಳಿದರೂ ಅಗೆದು ತೆಗೆಯಬೇಡಿ, ಚರ್ಮವೇ ಹೊರಗೆ ತಳ್ಳುತ್ತದೆ. ಕೀವು ತುಂಬಿದರೆ, ಗಂಟು ದೊಡ್ಡದಾಗುತ್ತಾ ಹೋದರೆ ಮಾತ್ರ ತೋರಿಸಿ.

ದಿನಾ ನೋಡಬೇಕೇ? ಹೌದು. ಬೆಬೇಸಿಯಾ ಎಂಬ ರೋಗಾಣು ನಾಯಿಗೆ ದಾಟಲು ಉಣುಗು ಸಾಮಾನ್ಯವಾಗಿ ಎರಡು ದಿನದಷ್ಟು ಕಚ್ಚಿಕೊಂಡಿರಬೇಕು. ದಿನಾ ತೆಗೆದರೆ ಅದನ್ನು ಬಹುಪಾಲು ತಪ್ಪಿಸಬಹುದು. ಎರ್ಲಿಕಿಯಾ ಎಂಬ ಇನ್ನೊಂದು ರೋಗಾಣು ಹಾಗಲ್ಲ, ಕೆಲವೇ ಗಂಟೆಗಳಲ್ಲಿ ದಾಟಬಲ್ಲದು. ಹಾಗಾಗಿ ಕೈಯಲ್ಲಿ ತೆಗೆಯುವುದೊಂದೇ ಸಾಲದು, ಮದ್ದೂ ಬೇಕು.

## ಮದ್ದು ಹಾಕಿದರೂ ಮತ್ತೆ ಮತ್ತೆ ಬರುತ್ತಿದೆ

ಅತಿ ಹೆಚ್ಚು ಕೇಳಿಬರುವ ದೂರು ಇದು. ಮದ್ದು ಬದಲಿಸುವ ಮೊದಲು ಖರ್ಚಿಲ್ಲದ ಪರೀಕ್ಷೆಗಳನ್ನು ಮುಗಿಸಿ.

ಉಣುಗು ಸತ್ತಿದೆಯೇ, ಬದುಕಿದೆಯೇ ನೋಡಿ. ಬಾಯಿಗೆ ಕೊಡುವ ಮಾತ್ರೆಗಳು, ಅಂದರೆ ಫ್ಲುರಲೇನರ್, ಅಫಾಕ್ಸೊಲೇನರ್, ಸಾರೊಲೇನರ್ ಗುಂಪಿನವು, ರಕ್ತದ ಮೂಲಕ ಕೆಲಸ ಮಾಡುತ್ತವೆ. ಉಣುಗು ಕಚ್ಚಿ ರಕ್ತ ಹೀರಿದ ಮೇಲೆಯೇ ಸಾಯುತ್ತದೆ. ಹಾಗಾಗಿ ಮಾತ್ರೆ ಕೊಟ್ಟ ನಾಯಿಯ ಮೈಯಲ್ಲಿ ಒಣಗಿದ, ಕಾಲು ಆಡಿಸದ ಉಣುಗು ಕಂಡರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ. ಉಬ್ಬಿದ, ಜೀವಂತ ಹೆಣ್ಣು ಉಣುಗು ಕಂಡರೆ ಮಾತ್ರ ಅನುಮಾನಪಡಿ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ: ನಾಯಿಯ ಈಗಿನ ತೂಕಕ್ಕೆ ಸರಿಯಾದ ಮಾತ್ರೆಯೇ? ಊಟದ ಜೊತೆ ಕೊಟ್ಟಿರೇ? ನುಂಗಿದ ಮೇಲೆ ವಾಂತಿ ಮಾಡಿತೇ? ಅವಧಿ ಮುಗಿದಿದೆಯೇ? ಅಫಾಕ್ಸೊಲೇನರ್, ಸಾರೊಲೇನರ್ ತಿಂಗಳಿಗೊಮ್ಮೆ ಕೊಡುವವು, ಫ್ಲುರಲೇನರ್ ಸುಮಾರು 12 ವಾರಕ್ಕೊಮ್ಮೆ. ಫಿಟ್ಸ್ ಬಂದಿದ್ದ ನಾಯಿಗೆ ಈ ಗುಂಪಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ.

ಬೆನ್ನಿಗೆ ಬಿಡುವ ಹನಿಮದ್ದಾದರೆ ಕೂದಲು ಬಿಡಿಸಿ ಚರ್ಮಕ್ಕೇ ಬಿಟ್ಟಿರಬೇಕು. ಕೂದಲ ಮೇಲೆ ಬಿದ್ದರೆ ವ್ಯರ್ಥ. ಫಿಪ್ರೊನಿಲ್ ಇರುವ ಹನಿಗೆ ಎರಡು ದಿನ ಹಿಂದೆ, ಎರಡು ದಿನ ಮುಂದೆ ಸ್ನಾನ ಬೇಡ. ಆಟಿ ತಿಂಗಳ ಮಳೆಯಲ್ಲಿ ಹಗಲಿಡೀ ನೆನೆದು ಬರುವ ನಾಯಿಗೆ, ಪ್ರತಿ ಆದಿತ್ಯವಾರ ಪಣಂಬೂರಿಗೋ ಮಲ್ಪೆಗೋ ಹೋಗಿ ಸಮುದ್ರಕ್ಕೆ ಇಳಿಯುವ ನಾಯಿಗೆ ಹನಿಮದ್ದು ನೆಚ್ಚಿಕೊಳ್ಳುವುದಕ್ಕಿಂತ ಮಾತ್ರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಸೋಪು, ಶಾಂಪೂ, ಪೌಡರುಗಳು ಆ ಹೊತ್ತಿಗೆ ಮೈಯಲ್ಲಿರುವುದನ್ನು ಕಡಿಮೆ ಮಾಡಬಹುದು, ನಾಳೆ ಹತ್ತುವುದನ್ನು ತಡೆಯುವುದಿಲ್ಲ.

ಇಷ್ಟೂ ಸರಿ ಇದ್ದು ಉಣುಗು ಬರುತ್ತಲೇ ಇದೆ ಎಂದರೆ ಬರುತ್ತಿರುವುದು ನಿಮ್ಮ ಮನೆಯಿಂದಲೇ. ನಾಯಿಗೆ ಹತ್ತುವ ಕಂದು ಉಣುಗು ಬದುಕಿನ ಹೆಚ್ಚಿನ ಕಾಲ ನಾಯಿಯ ಮೈ ಮೇಲೆ ಇರುವುದೇ ಇಲ್ಲ. ಮರಿಯಾಗಿ ಒಮ್ಮೆ, ಸ್ವಲ್ಪ ಬೆಳೆದು ಒಮ್ಮೆ, ಪೂರ್ತಿ ಬೆಳೆದು ಒಮ್ಮೆ ನಾಯಿಗೆ ಹತ್ತುತ್ತದೆ. ಪ್ರತಿ ಸಲವೂ ರಕ್ತ ಕುಡಿದು ಕೆಳಗೆ ಬಿದ್ದು ಬಿರುಕು ಹುಡುಕುತ್ತದೆ. ಹೆಣ್ಣು ಒಂದೇ ಸಲಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, 4000 ದಾಟುವುದೂ ಉಂಟು. ತಿನ್ನಲು ಏನೂ ಸಿಗದೆ ತಿಂಗಳುಗಟ್ಟಲೆ ಗೋಡೆಯಲ್ಲೇ ಕಾಯಬಲ್ಲದು.

ನಮ್ಮ ಮನೆಗಳು ಅದಕ್ಕೆ ಹೇಳಿ ಮಾಡಿಸಿದಂತಿವೆ. ಗಾರೆ ಮಾಡದ ಕೆಂಪುಕಲ್ಲಿನ ಕಾಂಪೌಂಡ್, ಅದಕ್ಕೇ ತಾಗಿಸಿ ಕಟ್ಟಿದ ನಾಯಿಗೂಡು, ಪಕ್ಕದಲ್ಲಿ ಸೌದೆ, ತೆಂಗಿನ ಸಿಪ್ಪೆಯ ರಾಶಿ, ಗೂಡಿನೊಳಗೆ ಹಳೆಯ ಗೋಣಿ. ರಾತ್ರಿ ಟಾರ್ಚ್ ಹಿಡಿದು ಗೂಡಿನ ಗೋಡೆಗೆ ಓರೆಯಾಗಿ ಬೆಳಕು ಬಿಡಿ. ಕೆಂಪುಕಲ್ಲಿನ ತೂತುಗಳ ಬಾಯಲ್ಲಿ ಚಪ್ಪಟೆ ಕಂದು ಚುಕ್ಕೆಗಳು, ಅವುಗಳ ನಡುವೆ ಮೆಲ್ಲನೆ ಮೇಲೆ ಹತ್ತುವ ಒಂದೆರಡು ಉಬ್ಬಿದ ಹೆಣ್ಣು ಕಾಣುತ್ತವೆ. ಈ ಜಾತಿಗೆ ಮೇಲಕ್ಕೆ ಹತ್ತುವ ಚಾಳಿ, ಹಾಗಾಗಿ ಗೂಡಿನ ಮಾಡಿನ ಸಂದು, ಪಕ್ಕಾಸಿನ ಬುಡ, ಸಿಟೌಟಿನಲ್ಲಿ ಪರದೆ, ಫೋಟೋಗಳ ಹಿಂಬದಿ ಎಲ್ಲ ನೋಡಬೇಕು. ಮಳೆಗಾಲದಲ್ಲಿ ನಾಯಿ ಜಗಲಿ ಬಿಟ್ಟು ಇಳಿಯುವುದಿಲ್ಲ, ಬಿದ್ದ ಉಣುಗೆಲ್ಲ ಅಲ್ಲೇ ಸೇರಿಕೊಳ್ಳುತ್ತದೆ.

ಗೋಡೆಯಲ್ಲಿ ಉಣುಗು ಕಂಡರೆ ಹೀಗೆ ಮಾಡಿ. ಗೋಣಿ, ಹಳೆ ಬಟ್ಟೆ ತೆಗೆದು ಸುಟ್ಟುಹಾಕಿ. ಮುಂದೆ ಹಾಸಲು ವಾರಕ್ಕೊಮ್ಮೆ ಕುದಿನೀರಿನಲ್ಲಿ ಒಗೆಯಬಹುದಾದ ಬಟ್ಟೆ ಇರಲಿ. ನಾಯಿಯನ್ನು ಬೇರೆ ಕಡೆ ಕಟ್ಟಿ ಗೂಡಿನ ಸಂದುಗಳಿಗೆ ಕುದಿನೀರು ಹೊಯ್ಯಿರಿ. ಗೋಡೆ ಒಣಗಿದ ಮೇಲೆ ತೂತು, ಬಿರುಕುಗಳನ್ನು ಸಿಮೆಂಟಿನಲ್ಲಿ ಮುಚ್ಚಿ, ಒಳಗೋಡೆಗೆ ಗಾರೆ ಮಾಡಿಸಿ. ಒಂದು ಸಲದ ಖರ್ಚು, ಆದರೆ ನಾನು ಕಂಡಂತೆ ಇದಕ್ಕಿಂತ ಹೆಚ್ಚು ಪ್ರಯೋಜನ ಕೊಟ್ಟ ಕೆಲಸ ಬೇರೆ ಇಲ್ಲ. ಸೌದೆ, ಸಿಪ್ಪೆಯ ರಾಶಿಯನ್ನು ಗೂಡಿನಿಂದ ದೂರಕ್ಕೆ ಸಾಗಿಸಿ.

ಇಷ್ಟಕ್ಕೂ ಬಗ್ಗದಿದ್ದರೆ ಗೋಡೆಗೆ ಕೀಟನಾಶಕ ಹೊಡೆಸಬೇಕಾಗುತ್ತದೆ. ಪೆಸ್ಟ್ ಕಂಟ್ರೋಲಿನವರಿಗೆ ಮನೆಯಲ್ಲಿ ಬೆಕ್ಕು ಇದೆ, ಮೀನಿನ ತೊಟ್ಟಿ ಇದೆ ಎಂದು ಮೊದಲೇ ಹೇಳಿ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಥರದವು ಬೆಕ್ಕಿಗೂ ಮೀನಿಗೂ ವಿಷ. ಪೂರ್ತಿ ಒಣಗುವವರೆಗೆ ಪ್ರಾಣಿ, ಮಕ್ಕಳು ಅತ್ತ ಸುಳಿಯಬಾರದು. ತೊಳೆದ ನೀರು ಬಾವಿಗಾಗಲಿ ತೋಡಿಗಾಗಲಿ ಇಳಿಯಬಾರದು. ಈ ಗುಂಪಿನ ಮದ್ದಿಗೆ ಬಗ್ಗದ ಉಣುಗುಗಳೂ ಇವೆ, ಹಾಗಾಗಿ ಒಂದು ಸಲ ಹೊಡೆಸಿ ಫಲ ಕಾಣದಿದ್ದರೆ ಅದನ್ನೇ ಇನ್ನಷ್ಟು ದಪ್ಪ ಕಲಸಿ ಹೊಡೆಯಬೇಡಿ, ಬೇರೆ ಗುಂಪಿನದ್ದು ಕೇಳಿ.

ಗೋಡೆಯಲ್ಲಿ ಅಡಗಿದ್ದೆಲ್ಲ ಒಂದೊಂದಾಗಿ ಹೊರಬಂದು ಮದ್ದಿನ ನಾಯಿಗೆ ಕಚ್ಚಿ ಸಾಯಲು ತಿಂಗಳುಗಳು ಬೇಕು. ಮೊದಲ ತಿಂಗಳು ಕಡಿಮೆಯಾದ ಕೂಡಲೇ ಮಾತ್ರೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಶುರು. ಮನೆಯಲ್ಲಿ ಮೂರು ನಾಯಿ ಇದ್ದರೆ ಮೂರಕ್ಕೂ ಕೊಡಿ. ಒಂದಕ್ಕೆ ಬಿಟ್ಟರೆ ಉಣುಗು ಅದರ ಮೇಲೆ ಬೆಳೆಯುತ್ತದೆ.

## ಊಟ ಬಿಟ್ಟಿದೆ, ಮಂಕಾಗಿದೆ

"ಎರಡು ದಿನದಿಂದ ಗಂಜಿ ಮುಟ್ಟಿಲ್ಲ, ಸೆಕೆಗೆ ಆಗಿರಬೇಕು" ಎನ್ನುತ್ತಾರೆ. ಸೆಕೆಗೆ ನಾಯಿ ಮಧ್ಯಾಹ್ನ ತಿನ್ನದೆ ರಾತ್ರಿ ತಿನ್ನುತ್ತದೆ. ಬೂತಾಯಿ ತಲೆ ಹಾಕಿದರೂ ಮೂಸಿ ಮುಖ ತಿರುಗಿಸಿತು, ಗೇಟಿನ ಸದ್ದಿಗೆ ಎದ್ದು ಬರಲಿಲ್ಲ ಎಂದರೆ ಅದು ಸೆಕೆಯಲ್ಲ.

ಮೊದಲು ಜ್ವರ ನೋಡಿ. ಮೂಗು ಒಣಗಿದೆ, ಕಿವಿ ಬಿಸಿ ಇದೆ ಎಂಬುದರಿಂದ ತಿಳಿಯುವುದಿಲ್ಲ. ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದ ಡಿಜಿಟಲ್ ಥರ್ಮಾಮೀಟರನ್ನು ಗುದದಲ್ಲಿ ಇಟ್ಟು ನೋಡಬೇಕು. ನಾಯಿಯ ಸಹಜ ಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರ ಎನಿಸುವ 101 ಅದಕ್ಕೆ ಸಹಜ. 103 ದಾಟಿದರೆ ಜ್ವರ. ಆಮೇಲೆ ವಸಡು. ಆಮೇಲೆ ದವಡೆಯ ಕೆಳಗೆ, ಹಿಂಗಾಲಿನ ಮೊಣಕಾಲ ಹಿಂದೆ ಗ್ರಂಥಿ ಊದಿದೆಯೇ ಎಂದು ಮುಟ್ಟಿ ನೋಡಿ. ಕೊನೆಗೆ ಕೂದಲು ಕಡಿಮೆ ಇರುವ ಹೊಟ್ಟೆಯ ಚರ್ಮ: ಸೂಜಿಮೊನೆಯಷ್ಟು ಕೆಂಪು ಚುಕ್ಕೆ, ಏಟು ಬೀಳದೆಯೂ ಕಂದಿದ ಕಲೆ ಇದ್ದರೆ ರಕ್ತದ ಪ್ಲೇಟ್‌ಲೆಟ್ ಇಳಿದಿರಬಹುದು.

ಜ್ವರವಿದ್ದರೆ, ಅಥವಾ ಜ್ವರವಿಲ್ಲದೆಯೂ ಒಂದು ದಿನ ಪೂರ್ತಿ ಊಟ ಬಿಟ್ಟರೆ, ರಕ್ತಪರೀಕ್ಷೆ ಮಾಡಿಸಿ. ಮೈಯಲ್ಲಿ ಈಗ ಉಣುಗು ಕಾಣದಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಎರ್ಲಿಕಿಯಾ ಲಕ್ಷಣ ತೋರಿಸಲು ಕಚ್ಚಿದ ಮೇಲೆ ಒಂದರಿಂದ ಮೂರು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಕಚ್ಚಿದ ಉಣುಗು ಹೊಟ್ಟೆ ತುಂಬಿ ಬಿದ್ದು ಹೋಗಿರುತ್ತದೆ.

ಯಾವ ಪರೀಕ್ಷೆ? ಪೂರ್ಣ ರಕ್ತಕಣ ಎಣಿಕೆ ಮತ್ತು ಬ್ಲಡ್ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು), ಇವೆರಡು ಮೊದಲು. ಖರ್ಚು ಕಡಿಮೆ, ಬೇಗ ಸಿಗುತ್ತದೆ. ಆರೋಗ್ಯವಂತ ನಾಯಿಗೆ ಪ್ಲೇಟ್‌ಲೆಟ್ ಸುಮಾರು 2ರಿಂದ 5 ಲಕ್ಷ ಇರುತ್ತದೆ. ಸ್ಮಿಯರಿನಲ್ಲಿ ರೋಗಾಣು ಕಾಣದಿದ್ದರೂ ರೋಗ ಇಲ್ಲ ಎನ್ನುವಂತಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಉತ್ತರ ಕೊಡುವ ಕಿಟ್‌ಗಳು ಹೆಚ್ಚಾಗಿ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈ ಮಾಡಿಕೊಂಡ ಪ್ರತಿಕಾಯವನ್ನು. ಜ್ವರದ ಮೊದಲ ದಿನಗಳಲ್ಲಿ ಅದು ನೆಗೆಟಿವ್ ಬರಬಹುದು. ಸಂಶಯ ಉಳಿದರೆ ಪಿಸಿಆರ್, ಅಂದರೆ ರಕ್ತದಲ್ಲಿ ರೋಗಾಣುವನ್ನೇ ಹುಡುಕುವ ಪರೀಕ್ಷೆ.

ಮನುಷ್ಯರ ಜ್ವರದ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ, ಅರ್ಧ ಮಾತ್ರೆಯೂ ಸಾಕು. ಐಬುಪ್ರೊಫೇನ್, ಆಸ್ಪಿರಿನ್ ನಾಯಿಯ ಹೊಟ್ಟೆ, ಕಿಡ್ನಿ ಹಾಳು ಮಾಡುತ್ತವೆ. ಪ್ಲೇಟ್‌ಲೆಟ್ ಇಳಿದಿರುವಾಗ ಕೊಟ್ಟರೆ ರಕ್ತಸ್ರಾವ ಹೆಚ್ಚಾಗುತ್ತದೆ.

## ಮೂತ್ರ ಕಡುಬಣ್ಣಕ್ಕೆ ತಿರುಗಿದೆ, ವಸಡು ಬಿಳಿ ಅಥವಾ ಹಳದಿ

ಬೆಬೇಸಿಯಾ ರಕ್ತದ ಕೆಂಪುಕಣದ ಒಳಗೇ ಹೊಕ್ಕು ಅದನ್ನು ಒಡೆಯುತ್ತದೆ. ಒಡೆದ ಕಣದ ಬಣ್ಣ ಮೂತ್ರದಲ್ಲಿ ಇಳಿಯುತ್ತದೆ, ವಸಡು ಬಿಳಿಚುತ್ತದೆ, ಆಮೇಲೆ ಹಳದಿಯಾಗುತ್ತದೆ. ಇದಕ್ಕೆ ಮನೆಯಲ್ಲಿ ಮಾಡುವ ಪರೀಕ್ಷೆ ಯಾವುದೂ ಇಲ್ಲ. ಮೂತ್ರ ಗುರುತಿಸಲು ಬಿಳಿ ಟೈಲ್ಸ್ ಮೇಲೆ ಅಥವಾ ಬಿಳಿ ಬಟ್ಟೆಯ ಮೇಲೆ ಬಿದ್ದದ್ದನ್ನು ಫೋಟೋ ತೆಗೆದು ವೈದ್ಯರಿಗೆ ತೋರಿಸಿ, ಅಷ್ಟೇ.

ಮಳೆಗಾಲದಲ್ಲಿ ಇನ್ನೊಂದು ಸಾಧ್ಯತೆ ಮರೆಯಬೇಡಿ. ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ನಮ್ಮ ಎರಡೂ ಜಿಲ್ಲೆಗಳಲ್ಲಿ ಮನುಷ್ಯರಿಗೂ ನಾಯಿಗೂ ಬರುತ್ತದೆ. ನಾಯಿಗೆ ಕಾಮಾಲೆ, ಜ್ವರ, ವಾಂತಿ ಒಟ್ಟಿಗೆ ಕಂಡರೆ ಅದೂ ಇರಬಹುದು. ಅದು ಮೂತ್ರದಿಂದ ನಮಗೆ ಹರಡುತ್ತದೆ. ಕಾರಣ ಗೊತ್ತಾಗುವವರೆಗೆ ಮೂತ್ರ ಬಿದ್ದ ಜಾಗವನ್ನು ಗ್ಲೌಸ್ ಹಾಕಿ ಬ್ಲೀಚಿಂಗ್ ಪೌಡರಿನಿಂದ ತೊಳೆಯಿರಿ, ಬರಿಗಾಲಲ್ಲಿ ತುಳಿಯಬೇಡಿ.

ರಕ್ತ ತೀರ ಕಡಿಮೆಯಾಗಿದ್ದರೆ ಇನ್ನೊಂದು ನಾಯಿಯ ರಕ್ತ ಕೊಡಬೇಕಾಗಬಹುದು. ಸಾಮಾನ್ಯವಾಗಿ 25 ಕೆ.ಜಿ.ಗಿಂತ ಹೆಚ್ಚು ತೂಕದ, ಲಸಿಕೆಯಾದ, ಉಣುಗಿನ ಕಾಯಿಲೆ ಇಲ್ಲದ ಪ್ರಾಯದ ನಾಯಿ ಬೇಕು. ಪರಿಚಯದವರ ಮನೆಯಲ್ಲಿ ಅಂಥ ನಾಯಿ ಯಾವುದಿದೆ ಎಂದು ಮೊದಲೇ ಯೋಚಿಸಿಟ್ಟರೆ ಆ ಹೊತ್ತಿಗೆ ಓಡಾಟ ತಪ್ಪುತ್ತದೆ.

ಬೆಬೇಸಿಯಾದಲ್ಲೇ ದೊಡ್ಡದು, ಸಣ್ಣದು ಎಂಬ ಬಗೆಗಳಿವೆ, ಒಂದಕ್ಕೆ ಕೊಡುವ ಚುಚ್ಚುಮದ್ದು ಇನ್ನೊಂದಕ್ಕೆ ಸಾಲದು. "ಹೋದ ಸಲ ನಮ್ಮ ನಾಯಿಗೆ ಇದೇ ಇಂಜೆಕ್ಷನ್ ಕೊಟ್ಟದ್ದು" ಎಂದು ಮೆಡಿಕಲ್ಲಿನಿಂದ ತಂದು ಹಾಕಿಸುವುದು ಅಪಾಯ. ಆ ಮದ್ದುಗಳ ಪ್ರಮಾಣ ಸ್ವಲ್ಪ ಹೆಚ್ಚಾದರೂ ನಾಯಿಗೆ ತೊಂದರೆ.

## ಮೂಗಿನಿಂದ ರಕ್ತ

ಎರ್ಲಿಕಿಯಾ ಹಳತಾದಾಗ ಮೂಗಿನಲ್ಲಿ ರಕ್ತ ಬರುವುದುಂಟು. ನಾಯಿಯನ್ನು ಓಡಾಡಿಸದೆ ತಂಪು ಜಾಗದಲ್ಲಿ ಕೂರಿಸಿ, ಮೂಗಿನ ಮೇಲ್ಭಾಗಕ್ಕೆ ಬಟ್ಟೆ ಸುತ್ತಿದ ಐಸ್ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಹೊಳ್ಳೆಯೊಳಗೆ ಹತ್ತಿ ತುರುಕಬೇಡಿ.

ವೈದ್ಯರಿಗೆ ಈ ಮೂರು ವಿಷಯ ಹೇಳಿ. ರಕ್ತ ಒಂದೇ ಹೊಳ್ಳೆಯಿಂದಲೇ, ಎರಡರಿಂದಲೇ? ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಕಡೆ ಕಾಡಂಚಿನ ತೋಡಿನ ನೀರು ಕುಡಿಯುವ ನಾಯಿಯ ಮೂಗಿನೊಳಗೆ ಜಿಗಣೆ ಹೊಕ್ಕು ಕೂರುತ್ತದೆ. ಆಗ ಒಂದೇ ಹೊಳ್ಳೆಯಲ್ಲಿ ರಕ್ತ, ಬಿಡದ ಸೀನು. ಎರಡನೆಯದು, ಮನೆಯಲ್ಲಿ, ತೋಟದಲ್ಲಿ ಇಲಿ ಮದ್ದು ಇಟ್ಟಿದ್ದಿರೇ? ಕೆಲವು ಇಲಿ ಮದ್ದುಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ಮೂರನೆಯದು, ಮುಖ ಅಥವಾ ಕಾಲು ಒಮ್ಮೆಲೇ ಊದಿದೆಯೇ? ಹಾಗಿದ್ದರೆ ಮಂಡಲದ ಹಾವು ಕಚ್ಚಿರಬಹುದು, ಒಂದು ನಿಮಿಷವೂ ತಡ ಮಾಡಬೇಡಿ.

## ಕುಂಟುತ್ತಿದೆ, ಒಂದು ದಿನ ಈ ಕಾಲು, ಇನ್ನೊಂದು ದಿನ ಆ ಕಾಲು

ಮೊದಲು ಪಾದದ ಅಡಿ ಮುಳ್ಳು, ಗಾಜು, ಬೆರಳ ಸಂದಿನಲ್ಲಿ ಉಣುಗು. ಅಲ್ಲೇನೂ ಇಲ್ಲದೆ ಕಾಲು ಬದಲಾಗುತ್ತಾ ಕುಂಟಿದರೆ, ಕೀಲು ಮುಟ್ಟಿದಾಗ ನೋವಾದರೆ, ಉಣುಗಿನ ಜ್ವರದ ಕೀಲುನೋವು ಇರಬಹುದು. ರಕ್ತಪರೀಕ್ಷೆ ಮಾಡಿಸಿ.

## ಚಿಕಿತ್ಸೆ ಮುಗಿದರೂ ಸರಿಹೋಗಿಲ್ಲ

ಎರ್ಲಿಕಿಯಾಕ್ಕೆ ಕೊಡುವ ಡಾಕ್ಸಿಸೈಕ್ಲಿನ್ 28 ದಿನದ ಕೋರ್ಸ್. ಮೂರು ನಾಲ್ಕು ದಿನದಲ್ಲೇ ನಾಯಿ ಗೆಲುವಾಗಿ ಬಾಲ ಆಡಿಸುತ್ತದೆ, ಮಾತ್ರೆ ನಿಲ್ಲುತ್ತದೆ, ತಿಂಗಳೆರಡರಲ್ಲಿ ಕಾಯಿಲೆ ಮರಳುತ್ತದೆ. ಪೂರ್ತಿ ಕೊಡಿ. ಊಟದ ಜೊತೆ ಕೊಡಿ, ಆದರೆ ಹಾಲು ಮೊಸರಿನಲ್ಲಿ ಕಲಸಬೇಡಿ, ಮದ್ದು ಮೈಗೆ ಹಿಡಿಯುವುದಿಲ್ಲ. ಬೆಕ್ಕಿಗಾದರೆ ಮಾತ್ರೆಯ ಹಿಂದೆಯೇ ಸಿರಿಂಜಿನಲ್ಲಿ ನೀರು ಕುಡಿಸಿ, ಗಂಟಲ ಕೊಳವೆಯಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ.

ಪೂರ್ತಿ ಕೊಟ್ಟೂ ಮಂಕಾಗಿದ್ದರೆ ಒಂದಲ್ಲ, ಎರಡು ಸೋಂಕು ಒಟ್ಟಿಗೆ ಇರಬಹುದು. ಒಂದೇ ಉಣುಗು ಎರಡನ್ನೂ ತರಬಲ್ಲದು. ಇನ್ನು ಕೆಲವರು ಗುಣವಾದ ಮೇಲೂ ಕಿಟ್ ಪಾಸಿಟಿವ್ ಬಂತೆಂದು ಗಾಬರಿಯಾಗುತ್ತಾರೆ. ಪ್ರತಿಕಾಯ ತಿಂಗಳುಗಟ್ಟಲೆ ರಕ್ತದಲ್ಲಿರುತ್ತದೆ. ನಾಯಿ ಚೆನ್ನಾಗಿ ತಿಂದುಕೊಂಡು, ಪ್ಲೇಟ್‌ಲೆಟ್ ಸರಿ ಇದ್ದರೆ ಕಿಟ್ಟಿನ ಗೆರೆ ಒಂದನ್ನೇ ನೋಡಿ ಮತ್ತೆ ಮದ್ದು ಶುರು ಮಾಡಬೇಕಿಲ್ಲ. ಗುಣವಾದ ನಾಯಿಗೆ ಮತ್ತೆ ಕಚ್ಚಿದರೆ ಮತ್ತೆ ಬರುತ್ತದೆ, ಆದ್ದರಿಂದ ಗೋಡೆಯ ಕೆಲಸ ಬಾಕಿ ಇಡಬೇಡಿ.

## ಬೆಕ್ಕಿಗೆ ಉಣುಗು

ಬೆಕ್ಕು ದಿನವಿಡೀ ಮೈ ನೆಕ್ಕುವುದರಿಂದ ಉಣುಗು ಕಡಿಮೆ. ನಾಲಿಗೆ ಎಟುಕದ ಕಡೆ ಸಿಗುತ್ತದೆ: ಕಿವಿ, ಗಲ್ಲ, ಕತ್ತು. ಕೈಯಲ್ಲಿ ತೆಗೆದರೆ ಹೆಚ್ಚಿನ ಬೆಕ್ಕಿಗೆ ಸಾಕು. ಬೇಕಾದರೆ ಬೆಕ್ಕಿಗೆಂದೇ ಬರೆದಿರುವ ಹನಿಮದ್ದು ಮಾತ್ರ. ನಾಯಿಯ ಹನಿಯಲ್ಲಿ ಸ್ವಲ್ಪ ಉಳಿದಿದೆ ಎಂದು ಬೆಕ್ಕಿಗೆ ಬಿಡುವುದು ಕೊಂದ ಹಾಗೆ. ಪರ್ಮೆಥ್ರಿನ್ ಇರುವ ಮದ್ದು, ಹಟ್ಟಿಯಲ್ಲಿ ದನಕ್ಕೆ ಹಚ್ಚುವ ಡೆಲ್ಟಾಮೆಥ್ರಿನ್, ಅಮಿಟ್ರಾಜ್, ಯಾವುದೂ ಬೆಕ್ಕಿಗೆ ತಾಗಬಾರದು. ನಾಯಿಗೆ ಪರ್ಮೆಥ್ರಿನ್ ಹಾಕಿದರೆ ಒಣಗುವವರೆಗೆ ಬೆಕ್ಕು ಅದರ ಜೊತೆ ಮಲಗದಂತೆ ನೋಡಿ.

## ಮದ್ದು ಹಾಕಿದ ಮೇಲೆ ನಡುಕ, ಜೊಲ್ಲು, ತೂಕಡಿಕೆ

ಇದು ವಿಷ ಏರಿದ ಲಕ್ಷಣ. ಬೆಕ್ಕಿಗೆ ಕಿವಿ, ಮೈ ಅದುರುವುದರಿಂದ ಶುರುವಾಗುತ್ತದೆ. ಅಮಿಟ್ರಾಜ್ ಹೆಚ್ಚಾದ ನಾಯಿ ತೂಕಡಿಸುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ಫಿಟ್ಸ್ ಇಲ್ಲದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೈ ತೊಳೆದು, ಒರೆಸಿ, ಟವೆಲಿನಲ್ಲಿ ಬೆಚ್ಚಗೆ ಸುತ್ತಿ ಹೊರಡಿ. ಫಿಟ್ಸ್ ಇದ್ದರೆ ತೊಳೆಯಲು ನಿಲ್ಲಬೇಡಿ. ವಾಂತಿ ಮಾಡಿಸಬೇಡಿ. ಮದ್ದಿನ ಬಾಟಲಿ, ಡಬ್ಬ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅದರ ಹೆಸರು ಗೊತ್ತಾದರೆ ವೈದ್ಯರ ಅರ್ಧ ಕೆಲಸ ಮುಗಿಯುತ್ತದೆ.

ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನನ್ನು ಅಂದಾಜಿನಲ್ಲಿ ನಾಯಿಗೆ ಚುಚ್ಚುವುದೂ ಇದೇ ಸಾಲಿಗೆ ಸೇರುತ್ತದೆ. ಕೋಲಿ ಜಾತಿಯ ನಾಯಿಗಳಲ್ಲಿ ಅನೇಕವಕ್ಕೆ ಅದು ನೇರ ಮೆದುಳಿಗೆ ಏರುತ್ತದೆ.

## ಮನೆಯವರಿಗೆ ಉಣುಗು ಕಚ್ಚಿದೆ, ಜ್ವರ ಬಂದಿದೆ

ನಾಯಿಯ ಕಂದು ಉಣುಗು ಮನುಷ್ಯರಿಗೆ ಕಚ್ಚುವುದು ಅಪರೂಪ. ಮನೆಯಲ್ಲಿ ಉಣುಗು ವಿಪರೀತವಾದಾಗ ಕಚ್ಚುತ್ತದೆ, ಆಗ ಟಿಕ್ ಟೈಫಸ್ ಎಂಬ ಜ್ವರ ಬರಬಹುದು. ಜ್ವರ, ತಲೆನೋವು, ಅಂಗೈ ಅಂಗಾಲಿಗೂ ಹಬ್ಬುವ ಕೆಂಪು ಗುಳ್ಳೆ ಅದರ ಗುರುತು.

ಕಾಡಿನ ಉಣುಗು ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯನ್ನು ಹರಡುವುದು ಅದು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನಲ್ಲೂ ಅದು ಜೋರಾಗಿ ಹಬ್ಬಿತ್ತು. ನಾಯಿಯ ಮನೆ ಉಣುಗಿನಿಂದ ಮಂಗನ ಕಾಯಿಲೆ ಬರುತ್ತದೆಂದು ಹೆದರಬೇಕಿಲ್ಲ, ಆದರೆ ಡಿಸೆಂಬರಿನಿಂದ ಮೇವರೆಗೆ ಘಟ್ಟದ ಬುಡದ ಕಾಡಿಗೆ ನಾಯಿಯನ್ನು ಕರೆದುಕೊಂಡು ಹೋಗಿ ಬಂದರೆ ಅಂಗಳದಲ್ಲೇ ಅದರ ಮೈ ನೋಡಿ, ನಿಮ್ಮ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಯಾವ ಜ್ವರವಾದರೂ ಡಾಕ್ಟರಿಗೆ "ಮನೆಯಲ್ಲಿ ನಾಯಿಗೆ ಉಣುಗು ಇದೆ, ಇಂಥ ದಿನ ಕಾಡಿಗೆ ಹೋಗಿದ್ದೆ, ಇಲ್ಲಿ ಕಚ್ಚಿದೆ" ಎಂದು ನೀವೇ ಹೇಳಿ. ಕರಾವಳಿಯಲ್ಲಿ ಡೆಂಗಿ, ಮಲೇರಿಯಾ, ಇಲಿ ಜ್ವರ ಇಷ್ಟೂ ಇರುವಾಗ, ಹೇಳದಿದ್ದರೆ ಉಣುಗಿನ ಕಡೆ ಅವರ ಯೋಚನೆ ಹೋಗುವುದು ತಡವಾಗುತ್ತದೆ.